ಸಮೀಕ್ಷೆಗೂ ಲೆಕ್ಕ ಕೇಳೋಣ

2024ರ ಜೂನ್ 3ರ ಸೋಮವಾರ ನನ್ನ ಹಳೆಯ ಗ್ರಾಹಕರೊಬ್ಬರು ಕೋಪರಖೈರಣೆಯ ಕಚೇರಿಗೆ ಪೇಡೆಯ ಪೊಟ್ಟಣ ಹಿಡಿದು ಬಂದರು. ಶನಿವಾರ ಸಂಜೆ ಪ್ರಕಟವಾದ ಮತಗಟ್ಟೆ ಸಮೀಕ್ಷೆಗಳಲ್ಲಿ ಬಹುಪಾಲು ಎನ್‌ಡಿಎಗೆ 350ಕ್ಕೂ ಹೆಚ್ಚು ಸ್ಥಾನಗಳನ್ನು ಕೊಟ್ಟಿದ್ದವು. ಸೆನ್ಸೆಕ್ಸ್ ಆ ದಿನ ಸುಮಾರು 2,500 ಅಂಶ ಏರಿತು. ಮಗಳ ಕಾಲೇಜು ಶುಲ್ಕಕ್ಕೆಂದು ಇಟ್ಟಿದ್ದ ಹಣವನ್ನು ಅವರು ಷೇರಿಗೆ ಹಾಕಿದ್ದರು. ಮರುದಿನ ಎನ್‌ಡಿಎ 293ಕ್ಕೆ, ಬಿಜೆಪಿ 240ಕ್ಕೆ ನಿಂತವು. ಸೆನ್ಸೆಕ್ಸ್ ಸುಮಾರು 4,390 ಅಂಶ ಕುಸಿಯಿತು. ಗಾಬರಿಯಿಂದ ಅವರು ಎಲ್ಲವನ್ನೂ ಮಾರಿದರು. ಪೇಟೆ ಅದೇ ವಾರ ಚೇತರಿಸಿಕೊಂಡಿತು, ಅವರ ಹಣ ಮಾತ್ರ ಮರಳಲಿಲ್ಲ. "ಸರ್, ಇದಕ್ಕೆ ಯಾರು ಹೊಣೆ?" ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಮಾದರಿ ಪರೀಕ್ಷೆಯನ್ನು ನಾನು ಹಳಿಯಲಾರೆ. ನಾವು ಲೆಕ್ಕಪರಿಶೋಧಕರೂ ಸಾವಿರಾರು ವೋಚರುಗಳಲ್ಲಿ ಕೆಲವನ್ನಷ್ಟೇ ಆರಿಸಿ ನೋಡುತ್ತೇವೆ. ಸರಿಯಾಗಿ ಆರಿಸಿದ ಒಂದು ಸಾವಿರ ಮತದಾರರ ಅಭಿಪ್ರಾಯದಿಂದ ಪಕ್ಷವೊಂದರ ಬಲವನ್ನು ಶೇಕಡಾ ಮೂರರಷ್ಟು ಆಚೀಚೆಯಲ್ಲಿ ಅಂದಾಜು ಮಾಡಬಹುದು. ತೊಡಕು ಇರುವುದು ಆ ಮತಪ್ರಮಾಣವನ್ನು ಸ್ಥಾನಗಳಾಗಿ ಪರಿವರ್ತಿಸುವ ಘಟ್ಟದಲ್ಲಿ.

ಕರ್ನಾಟಕವನ್ನೇ ನೋಡಿ. 2018ರಲ್ಲಿ ಬಿಜೆಪಿಗೆ ಶೇಕಡಾ 36ರಷ್ಟು ಮತ, 104 ಸ್ಥಾನ ಬಂದವು. ಶೇಕಡಾ 38ರಷ್ಟು ಮತ ಪಡೆದ ಕಾಂಗ್ರೆಸ್ 80ರ ಆಸುಪಾಸಿನಲ್ಲಿ ಉಳಿಯಿತು. 2023ರಲ್ಲಿ ಬಿಜೆಪಿಯ ಮತಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಸ್ಥಾನಗಳು 66ಕ್ಕೆ ಇಳಿದವು. ಜೆಡಿಎಸ್ ಶೇಕಡಾ 18ರಿಂದ 13ಕ್ಕೆ ಕುಗ್ಗಿತು, ಕಾಂಗ್ರೆಸ್ ಶೇಕಡಾ 43ರ ಸಮೀಪಕ್ಕೆ ಬಂದು 135 ಸ್ಥಾನ ಗೆದ್ದಿತು. ಸೋತ ಪಕ್ಷದ ಬೆಂಬಲಿಗರು ಕದಲದಿದ್ದರೂ ಸರಕಾರ ಬದಲಾಯಿತು.

ನಾವು ಬಾಳುವ ಮಹಾರಾಷ್ಟ್ರದ ಕಥೆಯೂ ಇದೇ. 2024ರ ಲೋಕಸಭೆಯಲ್ಲಿ ಎರಡು ಕೂಟಗಳ ನಡುವಿನ ಮತಗಳ ಅಂತರ ಶೇಕಡಾ ಒಂದಕ್ಕಿಂತ ಕಡಿಮೆ. ಆದರೆ ಸ್ಥಾನಗಳು ಮಹಾವಿಕಾಸ ಆಘಾಡಿಗೆ 30, ಮಹಾಯುತಿಗೆ 17. ಐದೇ ತಿಂಗಳಲ್ಲಿ ವಿಧಾನಸಭೆಯ 288 ಸ್ಥಾನಗಳಲ್ಲಿ ಮಹಾಯುತಿ 230ನ್ನೂ ದಾಟಿತು. ಅದರ ಗೆಲುವನ್ನು ಹೇಳಿದ ಸಮೀಕ್ಷೆಗಳೂ ಇಷ್ಟು ದೊಡ್ಡ ಗೆಲುವನ್ನು ಊಹಿಸಿರಲಿಲ್ಲ. ನಮ್ಮ ನೆರೆಯ ಬೇಲಾಪುರದಲ್ಲಿ ಬಿಜೆಪಿಯ ಮಂದಾ ಮ್ಹಾತ್ರೆ ಗೆದ್ದದ್ದು 377 ಮತಗಳಿಂದ. ಅಲ್ಲಿ ಎದುರಾಳಿಯಾಗಿದ್ದ ಸಂದೀಪ್ ನಾಯ್ಕ್ ಅವರ ತಂದೆ ಗಣೇಶ್ ನಾಯ್ಕ್, ಪಕ್ಕದ ಐರೋಲಿಯಲ್ಲಿ ಅದೇ ಬಿಜೆಪಿಯ ಅಭ್ಯರ್ಥಿ! ತಂದೆ ಒಂದು ಪಕ್ಷ, ಮಗ ಇನ್ನೊಂದು ಪಕ್ಷ ಎಂಬಲ್ಲಿ ಮತದಾರನ ನಿಷ್ಠೆಯನ್ನು ಯಾವ ಪ್ರಶ್ನಾವಳಿ ಅಳೆದೀತು?

ಇಸ್ರೇಲಿನಲ್ಲಿ ಇಡೀ ದೇಶವೇ ಒಂದು ಕ್ಷೇತ್ರ. 120 ಸ್ಥಾನಗಳು ಪಕ್ಷಗಳ ಮತಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾಗುತ್ತವೆ. ಸಮೀಕ್ಷೆಗೆ ಇದಕ್ಕಿಂತ ಅನುಕೂಲದ ವ್ಯವಸ್ಥೆ ಇರಲಾರದು. ಆದರೂ ಶೇಕಡಾ 3.25ರ ಕನಿಷ್ಠ ಮಿತಿಯ ಬಳಿ ಅಂದಾಜು ಎಡವುತ್ತದೆ. 2022ರಲ್ಲಿ ಮೆರೆಟ್ಸ್ ಪಕ್ಷ ಸುಮಾರು ನಾಲ್ಕು ಸಾವಿರ ಮತಗಳ ಕೊರತೆಯಿಂದ ಸಂಸತ್ತಿನ ಹೊರಗೆ ಉಳಿಯಿತು, ನೆತನ್ಯಾಹು ಅವರ ಕೂಟಕ್ಕೆ 64 ಸ್ಥಾನಗಳು ದೊರೆತವು. ಆದರೆ ಅಲ್ಲಿಂದ ನಾವು ಕಲಿಯಬೇಕಾದದ್ದೊಂದಿದೆ. ಚುನಾವಣೆಯ ಕಾಲದಲ್ಲಿ ಸಮೀಕ್ಷೆ ಪ್ರಕಟಿಸುವವರು ಅದನ್ನು ಮಾಡಿಸಿದವರು ಯಾರು, ನಡೆಸಿದವರು ಯಾರು, ಎಂದು ನಡೆಯಿತು, ಎಷ್ಟು ಜನರನ್ನು ಕೇಳಲಾಯಿತು, ದೋಷದ ಮಿತಿ ಎಷ್ಟು ಎಂಬುದನ್ನು ತಿಳಿಸಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ.

ನಮ್ಮ ಜನಪ್ರತಿನಿಧಿ ಕಾಯ್ದೆಯ 126ಎ ಕಲಮು ಮತದಾನ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆಯನ್ನು ಪ್ರಕಟಿಸಬಾರದೆನ್ನುತ್ತದೆ. ಯಾವಾಗ ಹೇಳಬೇಕೆಂಬುದಕ್ಕೆ ಅಲ್ಲಿ ನಿಯಮವಿದೆ, ಹೇಗೆ ಎಣಿಸಿದಿರಿ ಎಂದು ಕೇಳುವ ಮಾತಿಲ್ಲ. ಒಂದು ಸಣ್ಣ ಟ್ರಸ್ಟಿನ ಲೆಕ್ಕಕ್ಕೆ ಸಹಿ ಹಾಕುವಾಗಲೂ ನಾನು ನನ್ನ ಸದಸ್ಯತ್ವ ಸಂಖ್ಯೆ ಬರೆಯಬೇಕು, ತಪ್ಪಿದರೆ ಸಂಸ್ಥೆಗೆ ಉತ್ತರ ಕೊಡಬೇಕು. ಕೋಟ್ಯಂತರ ಜನರ ಉಳಿತಾಯವನ್ನು ಅಲುಗಾಡಿಸುವ ಅಂಕಿಗಳಿಗೆ ಅಷ್ಟಾದರೂ ಹೊಣೆ ಬೇಡವೇ?

ಈ ಮಾತು ನಮ್ಮ ಸಮಾಜಕ್ಕೂ ತಟ್ಟುತ್ತದೆ. ಪ್ರತಿ ಚುನಾವಣೆಯಲ್ಲೂ "ಜೈನರ ಮತ ಇಂತಿಂಥ ಪಕ್ಷಕ್ಕೆ ಇಷ್ಟು ಶೇಕಡಾ" ಎಂಬ ಪಟ್ಟಿಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತವೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು ಶೇಕಡಾ 0.72. ಐದು ಸಾವಿರ ಜನರನ್ನು ಕೇಳಿದರೆ ಅವರಲ್ಲಿ ಜೈನರು ಸುಮಾರು 36 ಮಂದಿ. ಅಷ್ಟು ಜನರ ಮಾತಿನಿಂದ ತೆಗೆದ ಶೇಕಡಾವಾರು ಹದಿನಾರು ಅಂಶದಷ್ಟು ಆಚೀಚೆ ಆಗಬಲ್ಲದು. ಅದನ್ನು ಹಿಡಿದು ಪಕ್ಷಗಳ ಬಾಗಿಲಿನಲ್ಲಿ ಸಮಾಜದ ಹೆಸರಿನಲ್ಲಿ ಚೌಕಾಸಿ ಮಾಡುವ ಮುಖಂಡರನ್ನು ನಾವು ನಯವಾಗಿಯೇ ಕೇಳಬೇಕು: ಎಷ್ಟು ಜನರನ್ನು ಕೇಳಿದಿರಿ? ಎಲ್ಲಿ? ಯಾರ ಖರ್ಚಿನಲ್ಲಿ?

ಚುನಾವಣಾ ಆಯೋಗವು ಸಮೀಕ್ಷಕರ ನೋಂದಣಿಯನ್ನೂ ಮಾದರಿ, ವಿಧಾನ, ವೆಚ್ಚದ ಮೂಲಗಳ ಪ್ರಕಟಣೆಯನ್ನೂ ಕಡ್ಡಾಯಗೊಳಿಸಲು ಸರಕಾರಕ್ಕೆ ಶಿಫಾರಸು ಮಾಡಬೇಕು. ನಿಷೇಧ ಬೇಡ, ಬಹಿರಂಗಪಡಿಸುವಿಕೆ ಸಾಕು. ಅಲ್ಲಿಯವರೆಗೆ ವಾಚಕರು ಒಂದು ನಿಯಮ ಪಾಲಿಸಲಿ: ಹೇಗೆ ಎಣಿಸಿದರೆಂದು ಹೇಳದ ಸಮೀಕ್ಷೆಯನ್ನು ನಂಬಿ ಮನೆಯ ಹಣ ತೊಡಗಿಸಬಾರದು. ನನ್ನ ಗ್ರಾಹಕರು ಮಗಳ ಶುಲ್ಕಕ್ಕೆ ಆ ವರ್ಷ ಸಾಲ ಮಾಡಿದರು. ಅದರ ಕಂತು ಇನ್ನೂ ತೀರಿಲ್ಲ.