ಶಾಲಾ ಬ್ಯಾಂಡ್ ಸೇರಿದರೆ ಮಕ್ಕಳ ಬುದ್ಧಿ ಚುರುಕಾಗುತ್ತದೆಯೇ?

ಆಗಸ್ಟ್ ಬಂತೆಂದರೆ ಬಸವಕಲ್ಯಾಣ, ಹುಮನಾಬಾದ್‌ ಕಡೆಯ ಶಾಲಾ ಮೈದಾನಗಳಲ್ಲಿ ಡ್ರಮ್ ಸದ್ದು ಶುರು. ಸ್ವಾತಂತ್ರ್ಯ ದಿನ ಮುಗಿದರೆ ಸೆಪ್ಟೆಂಬರ್ 17 ಇದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಕೈಸೇರಿದ ನೆನಪಿಗೆ ಕಲ್ಯಾಣ ಕರ್ನಾಟಕದಲ್ಲಿ ಅಂದೂ ಧ್ವಜ ಹಾರುತ್ತದೆ. ಆಮೇಲೆ ರಾಜ್ಯೋತ್ಸವ, ಗಣರಾಜ್ಯೋತ್ಸವ.

ಇದೇ ಹೊತ್ತಿಗೆ ಎರಡು ಮಾತು ಕೇಳಿಸುತ್ತವೆ. ಒಂದು ಮೊಬೈಲ್‌ಗೆ ಬರುವ ಮಾತು: 'ವಾದ್ಯ ಕಲಿತ ಮಕ್ಕಳ ಐಕ್ಯೂ ಹೆಚ್ಚುತ್ತದೆ, ಗಣಿತದಲ್ಲಿ ಮುಂದಿರುತ್ತಾರೆ.' ಇನ್ನೊಂದು ಮನೆಯಲ್ಲಿ ಕೇಳುವ ಮಾತು: 'ಎಸ್‌ಎಸ್‌ಎಲ್‌ಸಿ ಎದುರಿಗಿರುವಾಗ ಈ ಢಂ ಢಂ ಯಾಕೆ?' ಎರಡನ್ನೂ ಪರಿಶೀಲಿಸೋಣ.

ಐಕ್ಯೂ ಮಾತು ಎಲ್ಲಿಂದ ಬಂತು?

1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಅಧ್ಯಯನ ಪ್ರಕಟವಾಯಿತು. 36 ಕಾಲೇಜು ವಿದ್ಯಾರ್ಥಿಗಳು 10 ನಿಮಿಷ ಮೊಜಾರ್ಟ್ ಸಂಗೀತ ಕೇಳಿದ ಬಳಿಕ ಆಕಾರಗಳನ್ನು ಊಹಿಸುವ ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಅಂಕ ಪಡೆದರು. ಆ ಪರಿಣಾಮ ಉಳಿದದ್ದು ಕಾಲು ಗಂಟೆಯಷ್ಟೇ. ಅವರು ಮಕ್ಕಳಲ್ಲ, ವಾದ್ಯ ಬಾರಿಸಿದವರೂ ಅಲ್ಲ. ಆದರೂ ಸುದ್ದಿ 'ಸಂಗೀತದಿಂದ ಬುದ್ಧಿವಂತಿಕೆ' ಎಂದು ಹಬ್ಬಿತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಪ್ರತಿ ನವಜಾತ ಶಿಶುವಿಗೂ ಸಂಗೀತ ಕೊಡಲು ಬಜೆಟ್‌ನಲ್ಲಿ ಹಣ ಕೇಳಿದರು!

2020ರಲ್ಲಿ ಸಾಲಾ ಮತ್ತು ಗೋಬೆ ಎಂಬ ಸಂಶೋಧಕರು 54 ಅಧ್ಯಯನಗಳನ್ನು, ಅಂದರೆ ಸುಮಾರು 7,000 ಮಕ್ಕಳ ಮಾಹಿತಿಯನ್ನು ಒಟ್ಟಿಗೆ ನೋಡಿದರು. ಸಂಗೀತ ಕಲಿತ ಮಕ್ಕಳನ್ನು ಬೇರೇನಾದರೂ ಕಲಿತ ಮಕ್ಕಳ ಜೊತೆ ಸರಿಯಾಗಿ ಹೋಲಿಸಿದ ಅಧ್ಯಯನಗಳಲ್ಲಿ ಬುದ್ಧಿಮತ್ತೆ, ಅಂಕಗಳ ಲಾಭ ಹೆಚ್ಚುಕಡಿಮೆ ಸೊನ್ನೆ.

ಬ್ಯಾಂಡಿನ ಮಕ್ಕಳು ಜಾಣರಾಗಿ ಕಂಡರೆ ಇನ್ನೊಂದು ಕಾರಣವೂ ಇರಬಹುದು. ಜಾಣರನ್ನೇ ಬ್ಯಾಂಡಿಗೆ ಆರಿಸಿರಬಹುದು.

ಹಾಗಾದರೆ ಸಮಯ ವ್ಯರ್ಥವೇ?

ಅಲ್ಲ. ಬ್ಯಾಂಡಿನ ಕೆಲಸವೇ ಬೇರೆ. ಹಿಂದೆ ಸೈನ್ಯದಲ್ಲಿ ನೂರಾರು ಜನ ಒಂದೇ ಹೆಜ್ಜೆ ಇಡಲಿ ಎಂದು ಡ್ರಮ್ ಬಾರಿಸುತ್ತಿದ್ದರು. ಪರೇಡಿನ 'ತೇಜ್ ಚಲ್' ಎಂದರೆ ನಿಮಿಷಕ್ಕೆ 120 ಹೆಜ್ಜೆ, ಅರ್ಧ ಸೆಕೆಂಡಿಗೆ ಒಂದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹಾಗಾಗಿ 170 ಮೀಟರ್ ಹಿಂದಿರುವವರಿಗೆ ಪೆಟ್ಟು ಅರ್ಧ ಸೆಕೆಂಡ್ ತಡವಾಗಿ ಕೇಳಿ, ಮುಂದಿನವರ ಎಡಗಾಲಿಗೆ ಇವರ ಬಲಗಾಲು ಬೀಳುತ್ತದೆ. ಉದ್ದದ ಮೆರವಣಿಗೆಯಲ್ಲಿ ಹೆಜ್ಜೆ ತಪ್ಪುವುದು ಮಕ್ಕಳ ತಪ್ಪಿನಿಂದಲೇ ಆಗಬೇಕಿಲ್ಲ.

ಒಟ್ಟಿಗೆ ಹೆಜ್ಜೆ ಹಾಕುವುದರಿಂದ ಏನು ಸಿಗುತ್ತದೆ? 2009ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಪ್ರಯೋಗದಲ್ಲಿ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದವರು ಆಮೇಲಿನ ಆಟದಲ್ಲಿ ಒಬ್ಬರಿಗೊಬ್ಬರು ಹೆಚ್ಚು ಸಹಕರಿಸಿದರು. 2010ರ ಇನ್ನೊಂದು ಅಧ್ಯಯನದಲ್ಲಿ, ಜೊತೆಯಾಗಿ ಹಾಡಿ ಬಾರಿಸಿದ 4 ವರ್ಷದ ಮಕ್ಕಳು ಒಬ್ಬರಿಗೊಬ್ಬರು ಹೆಚ್ಚು ನೆರವಾದರು. ಇವು ಸಣ್ಣ ಪ್ರಯೋಗಗಳು, ಶಾಲಾ ಬ್ಯಾಂಡಿನ ಮೇಲೆ ಮಾಡಿದವಲ್ಲ. ಆದರೂ ಲಾಭ ಇರುವುದು ಅಂಕಪಟ್ಟಿಯಲ್ಲಲ್ಲ, ಜೊತೆಗಾರರಿಗೆ ಕಿವಿಗೊಡುವುದರಲ್ಲಿ ಎಂಬ ಸುಳಿವು ಕೊಡುತ್ತವೆ.

ಹಾಗಿದ್ದಲ್ಲಿ ಯಾರ ಕೈಗೆ ಕೋಲು ಸಿಗುತ್ತದೆ ಎಂಬುದು ಮುಖ್ಯ. ಎತ್ತರ ಇದ್ದವರು, ಬ್ಯಾಂಡಿನ ಸಮವಸ್ತ್ರ ಹೊಲಿಸಬಲ್ಲವರು ಮಾತ್ರ ಆಯ್ಕೆಯಾದರೆ ಉಳಿದವರಿಗೆ ಅದು ಸಿಗದು. ಜಾತ್ರೆಯಲ್ಲಿ ಅಪ್ಪನ ಹಲಗೆ ಕೇಳುತ್ತ ಬೆಳೆದ ಹುಡುಗನಿಗೋ ಹುಡುಗಿಗೋ ಲಯ ಮನೆಯಲ್ಲೇ ಬಂದಿರುತ್ತದೆ. ಅವರನ್ನು ಬಿಟ್ಟು ಲಯ ಹುಡುಕುವುದೇಕೆ? ಕೇಂದ್ರ ಸರ್ಕಾರದ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆಯಲ್ಲಂತೂ ಹುಡುಗಿಯರಿಗೇ ಪ್ರತ್ಯೇಕ ವಿಭಾಗಗಳಿವೆ.

ಕಿವಿ ಜೋಪಾನ

ಡ್ರಮ್ ಪೆಟ್ಟು 100 ಡೆಸಿಬೆಲ್ ದಾಟಬಲ್ಲದು. ದುಡಿಯುವ ವಯಸ್ಕರಿಗೆ ಅಮೆರಿಕದ ನಿಯೋಶ್ ಸಂಸ್ಥೆ ಸೂಚಿಸಿದ ಮಿತಿ 85 ಡೆಸಿಬೆಲ್‌ಗೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಈ ಸಮಯ ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ ಮಾತ್ರ. ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಅಭ್ಯಾಸ ಕೋಣೆಯೊಳಗೆ ಬೇಡ, ಮೈದಾನದಲ್ಲಿರಲಿ. ನಡುನಡುವೆ ಬಿಡುವು, ನೀರು, ನೆರಳು ಇರಲಿ. ಡ್ರಮ್ ಬಾರಿಸುವವರಿಗೆ ಇಯರ್ ಪ್ಲಗ್ ಕೊಡಿ. ಅಭ್ಯಾಸದ ಬಳಿಕ ಕಿವಿ ಗುಂಯ್‌ಗುಟ್ಟಿದರೆ ಅದು ಎಚ್ಚರಿಕೆಯ ಗಂಟೆ.

ಫಾರ್ವರ್ಡ್ ಮಾಡುವ ಮುನ್ನ

'ಬ್ಯಾಂಡಿನಿಂದ ಅಂಕ ಹೆಚ್ಚುತ್ತದೆ' ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. 'ಬ್ಯಾಂಡ್ ಸಮಯ ವ್ಯರ್ಥ' ಎಂಬುದೂ ಸರಿಯಲ್ಲ. ಒಳ್ಳೆಯ ಉದ್ದೇಶದ ಸುಳ್ಳಿಗೂ ಬೆಲೆ ತೆರಬೇಕಾಗುತ್ತದೆ. ಅಂಕದ ಹೆಸರಿನಲ್ಲಿ ಬ್ಯಾಂಡ್ ಉಳಿಸಿಕೊಂಡರೆ, ಫಲಿತಾಂಶ ಕುಸಿದ ವರ್ಷ ಮೊದಲು ಸ್ಟೋರ್ ರೂಮ್ ಸೇರುವುದೇ ಡ್ರಮ್. 10ನೇ ತರಗತಿವರೆಗೆ ಕಲೆ ಎಲ್ಲ ಮಕ್ಕಳಿಗೂ ಕಡ್ಡಾಯ ವಿಷಯವಾಗಲಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು ಅಂಕಕ್ಕಾಗಿ ಅಲ್ಲ.

ಮುಂದಿನ ಸಲ ಮಗುವನ್ನು 'ಎಷ್ಟು ಮಾರ್ಕ್ಸ್?' ಎಂದು ಕೇಳಿದ ಮೇಲೆ 'ಇವತ್ತು ಹೆಜ್ಜೆ ಕೂಡಿತಾ?' ಎಂದೂ ಕೇಳೋಣ.