ಹೆಸರಿಗೆಲ್ಲ ಅಧಿಕಾರಿಗಳೇ!

ಈಚೆಗೆ ಮದುವೆ-ಮುಂಜಿವೆಗಳಿಗೆ ಹೋಗುವುದೆಂದರೆ ನನಗೊಂದು ಬಗೆಯ ಅಂಜಿಕೆ. ಉಡುಗೊರೆಯ ಅಂಜಿಕೆಯಲ್ಲ, ಪರಿಚಯದ ಅಂಜಿಕೆ. ಮೊದಲೆಲ್ಲ 'ಈಕಿ ನಮ್ಮ ಸೊಸಿ, ಬ್ಯಾಂಕಿನ್ಯಾಗ ಇದ್ದಾಳ' ಎಂದರೆ ಮಾತು ಮುಗಿಯುತ್ತಿತ್ತು. ಈಗ ಹಾಗಲ್ಲ. ಒಬ್ಬಳು ಅಸೋಸಿಯೇಟ್ ವೈಸ್ ಪ್ರೆಸಿಡೆಂಟ್, ಇನ್ನೊಬ್ಬಳು ಸೀನಿಯರ್ ಲೀಡ್, ಮತ್ತೊಬ್ಬಳ ಗಂಡ ಯಾವುದಕ್ಕೋ ಗ್ಲೋಬಲ್ ಹೆಡ್. ಇಷ್ಟೊಂದು ತಲೆಗಳು ಕೂತ ಪಂಕ್ತಿಯಲ್ಲಿ, ಹದಿನೈದು ವರ್ಷದಿಂದ ಒಂದೇ ಶಾಲೆಯಲ್ಲಿ ಕಲಿಸುತ್ತಿರುವ 'ಬರೇ ಟೀಚರ್' ಎಲೆಯ ಮೇಲಿನ ಕೋಸಂಬರಿಯನ್ನೇ ನೋಡುತ್ತ ಕೂತಿರುತ್ತಾಳೆ. ಆ 'ಬರೇ' ಎಂಬ ಎರಡಕ್ಷರದ ಮೇಲೆಯೇ ನನ್ನ ಸಿಟ್ಟು. ಅದನ್ನು ಬೇರೆಯವರು ಹಚ್ಚಿದ್ದಲ್ಲ, ತನ್ನ ಹುದ್ದೆಯ ಹಿಂದೆ ಅವಳೇ ಹಚ್ಚಿಕೊಂಡದ್ದು.

ಯಾರ ಏಳಿಗೆಯನ್ನು ಕಂಡೂ ನನಗೆ ಹೊಟ್ಟೆಕಿಚ್ಚಿಲ್ಲ. ನನ್ನ ತಕರಾರು ಇಷ್ಟೇ: ಈ ದೊಡ್ಡ ದೊಡ್ಡ ಹೆಸರುಗಳಲ್ಲಿ ಬಹಳಷ್ಟು, ಕೊಡಬೇಕಾದ ಪಗಾರಕ್ಕೆ ಬದಲಾಗಿ ಕೊಟ್ಟ ಮಾತುಗಳು. ಮಾತಿಗೆ ಖರ್ಚಿಲ್ಲ. ಅಂಥ ಖರ್ಚಿಲ್ಲದ ಮಾತಿನ ಎದುರು ನಿಂತು ನಮ್ಮ ಹೆಣ್ಣುಮಕ್ಕಳು 'ನಾನು ಹಿಂದೆ ಬಿದ್ದೆ' ಎಂದು ಕೊರಗುವುದನ್ನು ನೋಡಲಾಗುವುದಿಲ್ಲ.

ಬೆಳಗಾವಿ ಸೀಮೆಯ ನಮಗೆ ಇದು ಹೊಸ ಪಾಠವಾಗಬಾರದಿತ್ತು. ದೇಸಾಯಿ, ದೇಶಪಾಂಡೆ, ಪಾಟೀಲ, ಕುಲಕರ್ಣಿ ಇವೆಲ್ಲ ಒಂದು ಕಾಲಕ್ಕೆ ಹುದ್ದೆಗಳು. ಹುದ್ದೆಯ ಹಿಂದೆ ವತನದ ಹೊಲವಿತ್ತು, ದಫ್ತರವಿತ್ತು, ಊರಿನ ಮೇಲೆ ಹಿಡಿತವಿತ್ತು. ಬೆಳಗಾವಿ ಮುಂಬಯಿ ರಾಜ್ಯದಲ್ಲಿದ್ದಾಗ, 1950ರಲ್ಲಿ, ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡುವ ಕಾಯ್ದೆ ಬಂತು. ವತನ ಹೋಯಿತು, ದಫ್ತರ ಹೋಯಿತು, ಅಡ್ಡಹೆಸರು ಮಾತ್ರ ಉಳಿಯಿತು. ಇವತ್ತು ಕುಲಕರ್ಣಿಯೆಂಬ ಹೆಸರಿಟ್ಟುಕೊಂಡು ಯಾರಾದರೂ ಊರಿನ ಲೆಕ್ಕ ಕೇಳಲು ಹೋದರೆ ಜನ ನಗುತ್ತಾರೆ.

ಆ ಲೆಕ್ಕದ ಕೆಲಸ ಪಗಾರದ ತಲಾಠಿಯ ಕೈಗೆ ಬಂತು. ಮುಂದೆ ಸರ್ಕಾರಿ ಕಾಗದಗಳಲ್ಲಿ ಆತ ಗ್ರಾಮ ಲೆಕ್ಕಿಗನಾದ, ಆಮೇಲೆ ಗ್ರಾಮ ಲೆಕ್ಕಾಧಿಕಾರಿಯಾದ, ಈಗ ಗ್ರಾಮ ಆಡಳಿತ ಅಧಿಕಾರಿ. ಖಾನಾಪುರದ ಹಳ್ಳಿಗಳಲ್ಲಿ ಜನ ಈಗಲೂ ಕರೆಯುವುದು ತಲಾಠಿಯೆಂದೇ. ಈ 'ಆಡಳಿತ ಅಧಿಕಾರಿ'ಗಳು 2024ರ ಸೆಪ್ಟೆಂಬರಿನಲ್ಲಿ ರಾಜ್ಯಾದ್ಯಂತ ಕೆಲಸ ನಿಲ್ಲಿಸಿ ಕೂತರಲ್ಲ, ಏನು ಕೇಳಿದರು ಗೊತ್ತೇ? ಕೂರಲು ಕುರ್ಚಿ, ಮೇಜು, ಲ್ಯಾಪ್‌ಟಾಪ್, ಮತ್ತು ಮೊಬೈಲಿನಲ್ಲಿ ಹೇರಿದ್ದ ಹತ್ತಾರು ಆ್ಯಪ್‌ಗಳ ಹೊರೆಯಿಂದ ಬಿಡುಗಡೆ. ಹೆಸರಿಗೆ ಆಡಳಿತ ಸೇರಿತು, ಕೈಗೆ ಕುರ್ಚಿ ಸೇರಲಿಲ್ಲ. ಇವರಲ್ಲಿ ಹೆಣ್ಣುಮಕ್ಕಳೂ ಬಹಳ. ಇವರ ಮನೆಯವರೂ ಯಾವುದೋ ಮದುವೆಯಲ್ಲಿ 'ನಮ್ಮಾಕಿ ಆಡಳಿತ ಅಧಿಕಾರಿ' ಎಂದು ಹೇಳಿಕೊಂಡಿರುತ್ತಾರೆ, ಕೇಳಿದವಳೊಬ್ಬಳು ನಿಟ್ಟುಸಿರು ಬಿಟ್ಟಿರುತ್ತಾಳೆ!

ನಾನಿರುವುದು ಕ್ಯಾಂಪಿನಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ನಮ್ಮ ನೆರೆ. ತೋಳಿನ ಮೇಲೆ ಒಂದು ಪಟ್ಟಿಯಿದ್ದರೆ ಲಾನ್ಸ್ ನಾಯಕ, ಎರಡಿದ್ದರೆ ನಾಯಕ, ಮೂರಿದ್ದರೆ ಹವಾಲ್ದಾರ ಎಂಬುದು ಇಲ್ಲಿಯ ತರಕಾರಿ ಮಾರುವವಳಿಗೂ ಗೊತ್ತು. ಎಷ್ಟು ಪಗಾರ, ಯಾರು ಯಾರಿಗೆ ಸೆಲ್ಯೂಟ್ ಹೊಡೆಯಬೇಕು, ಎಲ್ಲ ಬರೆದಿಟ್ಟದ್ದು. ಸೇನೆಯಲ್ಲೂ ಹೆಸರು ಉಬ್ಬಿಲ್ಲವೆಂದಲ್ಲ. 2004ರ ಡಿಸೆಂಬರಿನಿಂದ ಅಧಿಕಾರಿಗಳು ಎರಡು ವರ್ಷಕ್ಕೆ ಕ್ಯಾಪ್ಟನ್, ಆರಕ್ಕೆ ಮೇಜರ್, ಹದಿಮೂರಕ್ಕೆ ಲೆಫ್ಟಿನೆಂಟ್ ಕರ್ನಲ್ ಆಗುತ್ತಾರೆ. ಮೊದಲು ಅದಕ್ಕೆ ಬಹಳ ಕಾಯಬೇಕಿತ್ತು. ಆದರೆ ಅದನ್ನು ಎಲ್ಲರಿಗೂ ಸಾರಿ ಹೇಳಿ ಮಾಡಿದರು, ಹೆಸರಿನೊಡನೆ ಪಗಾರವೂ ಏರಿತು. ಗೋಲ್‌ಮಾಲ್ ಏನಿಲ್ಲ. ಖಾಸಗಿಯವರ ವಿಸಿಟಿಂಗ್ ಕಾರ್ಡಿನ ಬೆನ್ನಿಗೆ ಅಂಥ ಬರಹ ಎಲ್ಲಿದೆ?

ಇದು ಬರೀ ನನ್ನ ಗೊಣಗಾಟವೆಂದುಕೊಳ್ಳಬೇಡಿ. ಅಮೆರಿಕದಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಇದನ್ನೇ ಹಿಡಿದು ಅಧ್ಯಯನ ಮಾಡಿ 2023ರಲ್ಲಿ ಹೊರತಂದರು. ಅಲ್ಲಿಯ ಕಾನೂನಿನಂತೆ ಮ್ಯಾನೇಜರ್ ಕೆಲಸದವರಿಗೆ ವಾರದ ಪಗಾರ ಒಂದು ಮಿತಿ ದಾಟಿದರೆ ಓವರ್‌ಟೈಮ್ ಕೊಡಬೇಕಿಲ್ಲ. ಆ ಮಿತಿ ಬಹಳ ವರ್ಷ 455 ಡಾಲರ್ ಇತ್ತು. ಸರಿಯಾಗಿ ಆ ಗೆರೆಯ ಮೇಲ್ಬದಿಯಲ್ಲಿ ಮ್ಯಾನೇಜರ್ ಹೆಸರುಗಳು ಒಮ್ಮೆಲೇ ಸುಮಾರು ಐದು ಪಟ್ಟು ಹೆಚ್ಚಿದ್ದವು! ಬಾಗಿಲ ಬಳಿ ಕೂತು ಬಂದವರನ್ನು ವಿಚಾರಿಸುವವಳು 'ಡೈರೆಕ್ಟರ್ ಆಫ್ ಫಸ್ಟ್ ಇಂಪ್ರೆಶನ್ಸ್', ಜಮಖಾನೆ ತೊಳೆಯುವವ 'ಕಾರ್ಪೆಟ್ ಶಾಂಪೂ ಮ್ಯಾನೇಜರ್'. ಹೀಗೆ ಕಂಪನಿಗಳು ಉಳಿಸಿಕೊಂಡ ಓವರ್‌ಟೈಮಿನ ದುಡ್ಡು ವರ್ಷಕ್ಕೆ ಸುಮಾರು 400 ಕೋಟಿ ಡಾಲರ್ ಎಂದು ಅವರ ಲೆಕ್ಕ.

ನಮ್ಮಲ್ಲೂ ಇಂಥದೇ ಒಂದು ಕಿಂಡಿ ಇದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಕೆಲಸಗಾರರಿಗೆ ರಕ್ಷಣೆ ಕೊಟ್ಟಿತು, ಮ್ಯಾನೇಜರರನ್ನು ಹೊರಗಿಟ್ಟಿತು. ಮೇಲ್ವಿಚಾರಕರಾದರೆ ಪಗಾರದ ಒಂದು ಮಿತಿ. 1,600 ರೂಪಾಯಿ ಇದ್ದುದು 2010ರಲ್ಲಿ 10,000 ಆಯಿತು, 2020ರ ಹೊಸ ಸಂಹಿತೆಯಲ್ಲಿ 18,000. ಅಂದರೆ ಮ್ಯಾನೇಜರ್ ಎಂಬ ಹೆಸರು ಕೆಲವೊಮ್ಮೆ ಹೂವಿನ ಹಾರವಲ್ಲ, ಹೊಸ್ತಿಲಿನಿಂದ ಹೊರಗೆ ತಳ್ಳುವ ಕೈ. ಹೆಸರು ಏನೇ ಇರಲಿ, ಮಾಡುವ ಕೆಲಸ ಯಾವುದು ಎಂಬುದನ್ನೇ ನೋಡಬೇಕೆಂದು ಸುಪ್ರೀಂ ಕೋರ್ಟು 1983ರಲ್ಲಿ ಜೀವವಿಮಾ ನಿಗಮದ ಡೆವಲಪ್‌ಮೆಂಟ್ ಆಫೀಸರ್ ಒಬ್ಬರ ಮೊಕದ್ದಮೆಯಲ್ಲಿ ಹೇಳಿತು. ಕೋರ್ಟು ಹೇಳಿತೆನ್ನಿ, ಆದರೆ ನೌಕರಿ ಕಳೆದುಕೊಂಡ ಎಷ್ಟು ಹೆಂಗಸರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ?

ಹೆಂಗಸರ ಮಾತು ಬಂದಾಗ ಹೆಸರಿನ ಉದಾರತೆಗೆ ಮಿತಿಯೇ ಇಲ್ಲ. ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು 'ಕಾರ್ಯಕರ್ತೆ', ಅವಳಿಗೆ ಕೊಡುವುದು ಪಗಾರವಲ್ಲ, 'ಗೌರವಧನ'. ಈ ಗೌರವದ ಬೆಲೆ 2006ರಲ್ಲಿ ತಿಳಿಯಿತು. ಕರ್ನಾಟಕ ಸರ್ಕಾರದ ಮೊಕದ್ದಮೆಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯರದು ನಾಗರಿಕ ಹುದ್ದೆಯಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅವರಿಗೂ ಗ್ರಾಚ್ಯುಟಿ ಸಲ್ಲಬೇಕು, ಗೌರವಧನವೂ ವೇತನವೇ ಎಂದು ಅದೇ ಕೋರ್ಟು ಹೇಳಲು 2022ರ ತನಕ ಕಾಯಬೇಕಾಯಿತು. ಗರ್ಭಿಣಿಯರನ್ನು ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ಯುವ 'ಆಶಾ'ಗಳಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಆರೋಗ್ಯ ನಾಯಕರೆಂದು ಪ್ರಶಸ್ತಿ ಕೊಟ್ಟಿತು. ಅದೇ ಜಾಗತಿಕ ನಾಯಕಿಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತು ಕೇಳಿದ್ದು ತಿಂಗಳಿಗೆ 15,000 ರೂಪಾಯಿ.

ಇನ್ನು ನಮ್ಮ ಅತಿಥಿ ಶಿಕ್ಷಕಿಯರು, ಅತಿಥಿ ಉಪನ್ಯಾಸಕಿಯರು! ತಿಥಿ ಗೊತ್ತಿಲ್ಲದೆ ಬರುವವನು ಅತಿಥಿಯೆಂದು ಹಿರಿಯರು ಹೇಳುತ್ತಿದ್ದರು. ಇವರ ಪಾಲಿಗೆ ತಿಥಿ ಗೊತ್ತಿಲ್ಲದೆ ಬರುವುದು ಗೌರವಧನ. (ಒಂದು ಹೆಸರಿಗೆ ಮಾತ್ರ ನಾನು ಕೈ ಮುಗಿಯುತ್ತೇನೆ: 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ 'ಮನೆಯ ಯಜಮಾನಿ' ಎಂಬ ಬಿರುದಿನ ಹಿಂದೆ ತಿಂಗಳಿಗೆ 2,000 ರೂಪಾಯಿಯಾದರೂ ಇತ್ತು.)

ಹೆಸರಿನಿಂದ ಮರ್ಯಾದೆ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಿಗುತ್ತದೆ. ಸ್ಟಾಫ್ ನರ್ಸ್ ಹೋಗಿ ನರ್ಸಿಂಗ್ ಆಫೀಸರ್ ಆದದ್ದು ನರ್ಸುಗಳೇ ಕೇಳಿ ಪಡೆದದ್ದು. 'ಏ ಸಿಸ್ಟರ್, ಇಲ್ಲಿ ಬಾ' ಎಂದು ಕೂಗಿಸಿಕೊಂಡವರಿಗೆ ಅದರ ಅಗತ್ಯ ಗೊತ್ತು. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ನಲವತ್ತು ರೋಗಿಗಳಿಗೆ ಒಬ್ಬಳೇ ಓಡಾಡುತ್ತಿದ್ದರೆ, ಆಫೀಸರ್ ಎಂದು ಕರೆದ ಮಾತ್ರಕ್ಕೆ ಅವಳ ಕಾಲುನೋವು ಕಡಿಮೆಯಾಗುವುದೇ? ಹೆಸರು ಕೊಟ್ಟವರು 'ಇನ್ನೇನು ಬೇಕು ನಿಮಗೆ' ಎಂದು ಬಾಗಿಲು ಹಾಕಿಕೊಳ್ಳುತ್ತಾರೆ, ಅದು ನನ್ನ ಸಂಕಟ.

ಖಾನಾಪುರ ತಾಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಂ ನೌಕರಿಯಲ್ಲಿರುವ ನಮ್ಮ ಓಣಿಯ ಹುಡುಗಿಯೊಬ್ಬಳು ಕಳೆದ ಚಳಿಗಾಲದಲ್ಲಿ ನನ್ನಲ್ಲಿಗೆ ಬಂದಳು. ಹನ್ನೊಂದು ವರ್ಷ ಸರ್ವಿಸಾಗಿದೆ. ಅವಳ ಕೈಮೇಲೆ ಹುಟ್ಟಿದ ಕೂಸುಗಳು ಈಗ ಐದನೆಯ ಇಯತ್ತೆ. ಜೊತೆಗೆ ಕಲಿತವರೆಲ್ಲ ಪುಣೆ, ಬೆಂಗಳೂರುಗಳಲ್ಲಿ ಏನೇನೋ ಮ್ಯಾನೇಜರುಗಳಂತೆ.

'ಮೌಶಿ, ಎಲ್ಲಾರೂ ಮುಂದ ಹೋದ್ರು. ನಾ ಇನ್ನೂ ಅಲ್ಲೇ ಉಳದೇನಿ,' ಎಂದಳು. ಊರೊಳಗಿನ ಒಂದು ಖಾಸಗಿ ಆಸ್ಪತ್ರೆಯವರು 'ಪೇಶಂಟ್ ಎಕ್ಸ್‌ಪೀರಿಯನ್ಸ್ ಮ್ಯಾನೇಜರ್' ಎಂದು ಕರೆದಿದ್ದಾರಂತೆ.

'ಪಗಾರ ಎಷ್ಟ ಹೆಚ್ಚಿಗಿ ಆಗ್ತದ?'

'ಹೆಚ್ಚಿಗೇನಿಲ್ರಿ, ಸ್ವಲ್ಪ ಕಡಿಮಿನ. ಆದ್ರ ಕೇಬಿನ್ ಕೊಡ್ತಾರಂತ.'

'ನಿನ್ನ ಕೈಕೆಳಗ ಎಷ್ಟ ಮಂದಿ?'

ಅದನ್ನು ಅವಳು ಕೇಳಿರಲಿಲ್ಲ. ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರವಿದೆಯೇ, ನೂರು ರೂಪಾಯಿಯ ಹತ್ತಿಯನ್ನಾದರೂ ತನ್ನ ಸಹಿಯಿಂದ ತರಿಸಬಹುದೇ, ಅದೂ ಗೊತ್ತಿಲ್ಲ. ಬಿಟ್ಟು ಬರಬೇಕಾದ ಕಾಯಂ ನೌಕರಿ ಮತ್ತೆ ಸಿಗುವುದಿಲ್ಲವೆಂಬುದು ಮಾತ್ರ ಗೊತ್ತು. ಅವಳ ಗಂಡನ ಅಂಗಡಿ ಅಷ್ಟಕ್ಕಷ್ಟೆ, ಮನೆಯ ಸಾಲದ ಕಂತು ಇವಳ ಪಗಾರದಿಂದಲೇ ಹೋಗಬೇಕು.

ನಾನು ಬೇಡವೆನ್ನಲಿಲ್ಲ. ನೇಮಕದ ಕಾಗದ ತೆಗೆದುಕೊಂಡು ಬಾ ಎಂದೆ. ಮರುದಿನ ತಂದಳು. ಮೊದಲ ಪುಟದಲ್ಲಿ ಹುದ್ದೆಯ ಹೆಸರು ದಪ್ಪ ಅಕ್ಷರದಲ್ಲಿ, ಗೆರೆ ಎಳೆದು ಕೂತಿತ್ತು. ಮೂರನೆಯ ಪುಟದ ಸಣ್ಣಕ್ಷರಕ್ಕೆ ಕನ್ನಡಕ ಹಾಕಿಕೊಳ್ಳಬೇಕಾಯಿತು. ಕೆಲಸದ ವೇಳೆ ಸಂಸ್ಥೆಯ ಅಗತ್ಯಕ್ಕೆ ತಕ್ಕಂತೆ. ಹುದ್ದೆ ಮ್ಯಾನೇಜರ್ ದರ್ಜೆಯದಾದ್ದರಿಂದ ಹೆಚ್ಚಿನ ವೇಳೆಗೆ ಬೇರೆ ಭತ್ಯೆ ಇಲ್ಲ. ಕಾರಣ ಕೊಡದೆ 30 ದಿನಗಳ ನೋಟಿಸಿನ ಮೇಲೆ ತೆಗೆಯಬಹುದು. ಅವಳೇ ಬೆರಳಿಟ್ಟು ಒಂದೊಂದು ಸಾಲನ್ನೂ ಓದಿದಳು, ಪುಟ ತಿರುವಿ ಮತ್ತೆ ಮೊದಲಿನಿಂದ ಓದಿದಳು.

'ಮೌಶಿ,' ಎಂದಳು, 'ಇದರಾಗ ಕೇಬಿನ್ನಿನ ಸುದ್ದೀನ ಇಲ್ಲಲ್ರಿ!'