ಆಶಾ ಕಾರ್ಯಕರ್ತೆಯನ್ನು ಒಂದು ಮಾತು ಕೇಳಿದ್ದಿರಾ?

ಹುಟ್ಟಿದ ಮಗುವಿಗೆ ಮೊದಲು ಗಿಣ್ಣು ಹಾಲು ಕುಡಿಸಬೇಕೆಂದು ಆಶಾ ಕಾರ್ಯಕರ್ತೆ ನೇರವಾಗಿ ಸೊಸೆಗೆ ಹೇಳಲು ಹೋಗುವುದಿಲ್ಲ. ಮೊದಲು ಅತ್ತೆಯ ಜೊತೆ ಜಗಲಿಯಲ್ಲಿ ಕೂರುತ್ತಾಳೆ. ‘ನಮ್ ಕಾಲದಲ್ಲಿ ಅದನ್ನ ಹಿಂಡಿ ಚೆಲ್ಲಿ ಜೇನುತುಪ್ಪ ನೆಕ್ಕಿಸ್ತಿದ್ವಿ ಕಣವ್ವ’ ಎನ್ನುವುದನ್ನು ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ತನ್ನ ಮಾತು ಆಮೇಲೆ. ಒಂದೇ ಭೇಟಿಗೆ ಮುಗಿಯುವ ಕೆಲಸವಲ್ಲ ಅದು.

ಮನೆಮನೆಯ ರೂಢಿಯನ್ನು ಹೀಗೆ ಬದಲಿಸುವವಳಿಗೇ ಹೊಸ ಪದ್ಧತಿ ತರುವಾಗ ಆರೋಗ್ಯ ಇಲಾಖೆಯಿಂದ ಬರುವುದು ವಾಟ್ಸ್‌ಆ್ಯಪ್‌ನಲ್ಲೊಂದು ಸುತ್ತೋಲೆ, ಅದರ ಬೆನ್ನಿಗೇ ಗಡುವು.

ಆಶಾ ಯೋಜನೆ ಶುರುವಾದದ್ದು 2005ರಲ್ಲಿ. ರಾಜ್ಯದಲ್ಲಿ ಸುಮಾರು 42 ಸಾವಿರ ಮಂದಿ ಇದ್ದಾರೆ. ಅವರಿಗೆ ಸಂಬಳವಿಲ್ಲ, ಗೌರವಧನ ಮತ್ತು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಈ ಪ್ರೋತ್ಸಾಹಧನವನ್ನು ತಾಯಿ-ಮಕ್ಕಳ ಆರೋಗ್ಯದ ವಿವರ ದಾಖಲಿಸುವ ಆರ್‌ಸಿಎಚ್ ಪೋರ್ಟಲ್‌ಗೆ ಗಂಟು ಹಾಕಿದ್ದರಿಂದ, ಮಾಡಿದ ಕೆಲಸಕ್ಕೂ ಕೈಗೆ ಬರುವ ಹಣಕ್ಕೂ ತಾಳೆಯಾಗುತ್ತಿಲ್ಲ ಎಂಬುದು ಅವರ ಬಹುಕಾಲದ ದೂರು. ಬಸುರಿಯ ಮನೆಗೆ ತಿಂಗಳುಗಟ್ಟಲೆ ಅಲೆದು, ತಾಯಿ ಕಾರ್ಡ್ ಮಾಡಿಸಿ, ಸ್ಕ್ಯಾನಿಂಗಿಗೆ ಕರೆದೊಯ್ದಿರುತ್ತಾಳೆ. ಸೀಮಂತ ಮುಗಿಸಿ ಹುಡುಗಿ ತವರಿಗೆ ಹೊರಡುತ್ತಾಳೆ. ಹೆರಿಗೆ ಬೇರೆ ಜಿಲ್ಲೆಯಲ್ಲಿ. ಅಲ್ಲಿನವರು ಎಂಟ್ರಿ ಹಾಕದಿದ್ದರೆ ಇಲ್ಲಿ ಆಶಾಳ ದುಡಿಮೆಗೆ ಸಾಕ್ಷಿಯೇ ಇಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುತ್ತದೆಂದು ಪೋರ್ಟಲ್ ಜೋಡಿಸಿದವರಿಗೆ ಗೊತ್ತಿರಲಿಲ್ಲವೇ? ಯಾವ ಆಶಾಳನ್ನು ಕೇಳಿದ್ದರೂ ಹೇಳುತ್ತಿದ್ದಳು.

ದಾಖಲೆ ಕಂಪ್ಯೂಟರಿನಲ್ಲಿ ಇರಬೇಕು, ನಿಜ. ತೊಡಕಿನ ಬಸುರಿಯ ವಿವರ ಜಿಲ್ಲಾಸ್ಪತ್ರೆಗೆ ಬೇಗ ತಲುಪಿದರೆ ಜೀವ ಉಳಿಯುತ್ತದೆ. ಆದರೆ ದೋಷ ತೋರಿಸಿದ ಕೂಡಲೇ ‘ಇವರಿಗೆ ಹೊಸದು ಬೇಡ, ಮೊಬೈಲ್ ಬರೋದಿಲ್ಲ’ ಎನ್ನುವುದು ಸೋಮಾರಿ ಉತ್ತರ. ಕೊರೊನಾ ಕಾಲದಲ್ಲಿ ಬಾಗಿಲು ಬಾಗಿಲಿಗೆ ಹೋಗಿ ಸಮೀಕ್ಷೆ ಮಾಡಿದವರು ಇವರೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳನ್ನು ಗೌರವಿಸಿತು. ಚಪ್ಪಾಳೆಗೇನೂ ಕೊರತೆಯಿಲ್ಲ ಬಿಡಿ.

2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಎಂಬ ಭರವಸೆ ಪಡೆದು ಎದ್ದರು. ಅಷ್ಟು ಹೊತ್ತೂ ಸುದ್ದಿಯಾದದ್ದು ಹಣ. ಪೋರ್ಟಲ್ಲಿನ ಗಂಟು ಬಿಚ್ಚಿ ಎಂಬ ಬೇಡಿಕೆ ಮೂಲೆಗೆ ಸರಿಯಿತು.

ಆರೋಗ್ಯ ಇಲಾಖೆಯ ಆಯುಕ್ತರೇ, ಮುಂದಿನ ಆ್ಯಪ್ ಹೊರಬರುವ ಮೊದಲು ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದ ತಿಂಗಳ ಮೀಟಿಂಗಿಗೆ ಅದನ್ನು ತನ್ನಿ. ಹಿಂದಿನ ಸಾಲಿನಲ್ಲಿ ಕೂತವರನ್ನು ಮಾತಾಡಿಸಿ. ತಪ್ಪು ತೋರಿಸಿದವಳಿಗೆ ನೋಟಿಸ್ ಕೊಡಬೇಡಿ.